ದಪ್ಪ ಮೆಣಸಿನಕಾಯಿಗೆ ಆಲೂಗಡ್ಡೆ ಬಿಟ್ಟು ಇನ್ನೇನು ತುಂಬುತ್ತೀರಿ?

ಹಾಸನದ_ಸೊಸೆ | ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದಪ್ಪ ಮೆಣಸಿನಕಾಯಿಗೆ ತುಂಬುವುದು ಅಂದರೆ ಆಲೂಗಡ್ಡೆ ಪಲ್ಯ ಒಂದೇ. ದೋಸೆಗೆ ಮಾಡುವ ಪಲ್ಯವನ್ನೇ ಸ್ವಲ್ಪ ಗಟ್ಟಿ ಮಾಡಿ ತುಂಬಿ, ಬಾಣಲೆಯಲ್ಲಿ ಎಣ್ಣೆ ಬಿಟ್ಟು ಹೊರಳಿಸಿ ಬೇಯಿಸುತ್ತೇವೆ. ಚೆನ್ನಾಗೇ ಇರುತ್ತೆ. ಆದರೆ ಮಾವನವರಿಗೆ ಶುಗರ್ ಬಂದಿದೆ, ಆಲೂಗಡ್ಡೆ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮಕ್ಕಳಿಗೂ ಒಂದೇ ರುಚಿ ಸಾಕಾಗಿದೆ.

ಪನೀರ್ ತುಂಬೋಣ ಅಂದರೆ ಬೇಯುವಾಗ ನೀರು ಬಿಟ್ಟು ಒಳಗೆಲ್ಲ ಪಿಚಪಿಚ ಆಗುತ್ತೆ ಅಂತ ನಮ್ಮಕ್ಕ ಹೇಳುತ್ತಾಳೆ. ನೀವೆಲ್ಲ ಏನು ತುಂಬುತ್ತೀರಿ? ನೀರು ಬಿಡದ ಹಾಗೆ ಏನು ಮಾಡುತ್ತೀರಿ? ನಮ್ಮಲ್ಲಿ ಓವನ್ ಇಲ್ಲ. ಗ್ಯಾಸು, ದಪ್ಪ ತಳದ ಬಾಣಲೆ, ಅದಕ್ಕೊಂದು ಮುಚ್ಚಳ, ಇಷ್ಟೇ. ಶನಿವಾರ ಅತ್ತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಅದಕ್ಕೂ ಒಂದು ದಾರಿ ಇದ್ದರೆ ಹೇಳಿ.

ರೊಟ್ಟಿಬುತ್ತಿ | ಗುರುವಾರ, ರಾತ್ರಿ 10:05

ತಂಗಿ, ಆಲೂಗಡ್ಡೆ ಯಾಕೆ ಬೇಕು? ನಮ್ಮ ಬಾಗಲಕೋಟೆ ಕಡೆ ಬದನೆಕಾಯಿಗೆ ಏನು ತುಂಬುತ್ತೇವೋ ಅದನ್ನೇ ಡಬ್ಬು ಮೆಣಸಿನಕಾಯಿಗೂ ತುಂಬುತ್ತೇವೆ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ. ಎಲ್ಲ ಒಣ ಸಾಮಾನು. ಇದು ನೀರು ಬಿಡುವುದಿಲ್ಲ, ಬಂದ ನೀರನ್ನು ಕುಡಿಯುತ್ತದೆ.

ಸಣ್ಣ ಸೈಜಿನ ಎಂಟು ಕಾಯಿಗೆ, ಅಂದರೆ ಸುಮಾರು ಅರ್ಧ ಕೆಜಿಗೆ ಲೆಕ್ಕ ಹೇಳುತ್ತೇನೆ. ಶೇಂಗಾ ಮುಕ್ಕಾಲು ಕಪ್, ಎಳ್ಳು ಎರಡು ಚಮಚ, ಗುರೆಳ್ಳು ಒಂದು ಚಮಚ, ತುರಿದ ಒಣಕೊಬ್ಬರಿ ಮೂರು ಚಮಚ. ಇವು ದೊಡ್ಡ ಚಮಚ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಎಳ್ಳು ಸೀದು ಹೋಗುತ್ತದೆ, ಶೇಂಗಾ ಹಸಿ ಉಳಿಯುತ್ತದೆ. ಶೇಂಗಾದ ಸಿಪ್ಪೆ ತಿಕ್ಕಿ ತೆಗೆಯಿರಿ. ಇದಕ್ಕೆ ಒಂದೂವರೆ ಸಣ್ಣ ಚಮಚ ಮಸಾಲೆ ಖಾರ, ಜೀರಿಗೆ, ಅರಿಶಿನ, ಉಪ್ಪು, ಚಿಟಿಕೆ ಇಂಗು, ಅಡಿಕೆ ಗಾತ್ರದ ಹುಣಸೆ, ಅದಕ್ಕಿಂತ ತುಸು ಜಾಸ್ತಿ ಬೆಲ್ಲ. ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆ ಆಗುತ್ತದೆ. ರವೆಯಷ್ಟು ತರಿ ಇರಲಿ. ಕೊನೆಗೆ ಒಂದು ಚಮಚ ಎಣ್ಣೆ ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಂದ ಒತ್ತಿದರೆ ಒಡೆಯಬೇಕು.

ಈರುಳ್ಳಿ ಬೆಳ್ಳುಳ್ಳಿ ಇದರಲ್ಲಿ ಇಲ್ಲವೇ ಇಲ್ಲ. ನಿಮ್ಮ ಅತ್ತೆಯವರ ಶನಿವಾರಕ್ಕೂ ಆಯಿತು ನೋಡ್ರಿ. ಒಂದೇ ಮಾತು, ಕೊಳ್ಳುವ ಮಸಾಲೆ ಖಾರದಲ್ಲಿ ಬೆಳ್ಳುಳ್ಳಿ ಇರುತ್ತದೆ. ಶನಿವಾರಕ್ಕೆ ಬರೀ ಬ್ಯಾಡಗಿ ಪುಡಿ ಹಾಕಿ.

ಬೆಣ್ಣೆನಗರಿ | ಗುರುವಾರ, ರಾತ್ರಿ 10:18

ದಾವಣಗೆರೆಯಲ್ಲಿ ಮೆಣಸಿನಕಾಯಿಗೆ ತುಂಬುವುದು ಅಂದರೆ ಮಿರ್ಚಿಗೆ ತುಂಬುವುದು. ಮಂಡಕ್ಕಿ ಜೊತೆ. ಕ್ಯಾಪ್ಸಿಕಂ ಎಲ್ಲ ಮದುವೆ ಮನೆ ಊಟದ ಐಟಂ. 😄

ಅಗ್ರಹಾರದ_ಅಡುಗೆ | ಗುರುವಾರ, ರಾತ್ರಿ 10:50

ಮೈಸೂರು ಕಡೆ ನಾವು ಎಣ್ಣೆಗಾಯಿ ಪುಡಿ ತುಂಬುತ್ತೇವೆ. ಕಡಲೆಬೇಳೆ, ಉದ್ದಿನಬೇಳೆ, ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಒಂದು ಚೂರು ಚಕ್ಕೆ, ಒಂದು ಮರಾಠಿ ಮೊಗ್ಗು, ಒಣಕೊಬ್ಬರಿ. ವಾಂಗಿಬಾತ್ ಪುಡಿ ಮನೆಯಲ್ಲಿದ್ದರೆ ಅದೇ ಸಾಕು, ಹೊಸದಾಗಿ ಹುರಿಯುವುದು ಬೇಡ. ಅದಕ್ಕೆ ಎರಡು ಹಿಡಿ ಹುರಿಗಡಲೆ ಹಿಟ್ಟು ಸೇರಿಸಿ. ಪುಡಿ ಒಂದನ್ನೇ ತುಂಬಿದರೆ ಘಾಟು ಜಾಸ್ತಿಯಾಗುತ್ತೆ. ಹುರಿಗಡಲೆ ಅದನ್ನು ಇಳಿಸುತ್ತೆ.

ಬೇಳೆಗಳನ್ನು ಕೆಂಪಗೆ ಹುರಿಯಲೇಬೇಕು. ಮೆಣಸಿನಕಾಯಿ ಬೇಯಲು ಹತ್ತು ಹನ್ನೆರಡು ನಿಮಿಷ ಸಾಕು. ಅಷ್ಟರಲ್ಲಿ ಒಳಗಿರುವ ಹಸಿ ಬೇಳೆ ಬೇಯುವುದಿಲ್ಲ, ಹಲ್ಲಿಗೆ ಹಸಿಹಸಿ ಸಿಗುತ್ತೆ. ಒಳಗೆ ಹಾಕುವ ಯಾವುದೂ ಮೊದಲೇ ಬೆಂದಿರಬೇಕು ಅಥವಾ ಹುರಿದಿರಬೇಕು. ನಮ್ಮತ್ತೆ ಇದನ್ನು ನೂರು ಸಲ ಹೇಳುತ್ತಿದ್ದರು, ಈಗ ನಾನು ಹೇಳುತ್ತೇನೆ.

ಶೇಂಗಾ ತುಂಬುವುದು ಒಳ್ಳೆಯದೇ. ಆದರೆ ಚಪಾತಿಗೆ ಅದು ತುಂಬಾ ಹೊಟ್ಟೆ ಭಾರ. ರೊಟ್ಟಿಗೆ ಸರಿ.

ರೊಟ್ಟಿಬುತ್ತಿ | ಗುರುವಾರ, ರಾತ್ರಿ 10:58

ಅಕ್ಕಾರ, ಶೇಂಗಾ ಭಾರ, ಕಡಲೆಬೇಳೆ ಹಗುರವೇ? ಇರಲಿ ಬಿಡ್ರಿ. 🙏

ಲ್ಯಾಬ್‌ಕೋಟ್ | ಶುಕ್ರವಾರ, ಬೆಳಿಗ್ಗೆ 7:15

ನೀರಿನ ವಿಷಯಕ್ಕೆ ಬರುತ್ತೇನೆ. ನೂರು ಗ್ರಾಂ ಕ್ಯಾಪ್ಸಿಕಂನಲ್ಲಿ 90 ಗ್ರಾಂಗಿಂತ ಜಾಸ್ತಿ ನೀರೇ ಇದೆ. ಬಿಸಿಯಾದಾಗ ಜೀವಕೋಶಗಳು ಒಡೆದು ಆ ನೀರು ಹೊರಗೆ ಬರುತ್ತೆ. ಉಪ್ಪು ತಾಗಿದರೆ ಬಿಸಿ ಇಲ್ಲದೆಯೂ ಬರುತ್ತೆ. ಹಾಗಾಗಿ ತಪ್ಪು ಪನೀರಿನದ್ದೊಂದೇ ಅಲ್ಲ. ಕಾಯಿ ಒಳಗಿನ ಗೋಡೆಯಿಂದಲೂ ನೀರು ಬಿಡುತ್ತಿರುತ್ತೆ. ಆಲೂಗಡ್ಡೆಯಲ್ಲಿರುವ ಪಿಷ್ಟ ಅದನ್ನು ಸುಮ್ಮನೆ ಹೀರಿಕೊಳ್ಳುತ್ತೆ, ನಮಗೆ ಗೊತ್ತಾಗುವುದಿಲ್ಲ. ಪನೀರ್ ಹೀರುವುದಿಲ್ಲ, ಮೇಲಿಂದ ತನ್ನದನ್ನೂ ಸೇರಿಸುತ್ತೆ.

ಇದಕ್ಕೆ ಎರಡು ಕೆಲಸ ಮಾಡಬಹುದು. ಒಂದು, ತೊಟ್ಟು ತೆಗೆದು ಟೊಳ್ಳು ಮಾಡಿದ ಮೇಲೆ ಒಳಗೆ ಚಿಟಿಕೆ ಉಪ್ಪು ಸವರಿ, ತಟ್ಟೆಯ ಮೇಲೆ ಕಾಲು ಗಂಟೆ ಬೋರಲು ಹಾಕಿ. ಒಂದಷ್ಟು ನೀರು ಇಳಿಯುತ್ತೆ. ಬಟ್ಟೆಯಲ್ಲಿ ಒರೆಸಿ ತುಂಬಿ. ಆ ಉಪ್ಪನ್ನು ಹೂರಣದ ಉಪ್ಪಿನಲ್ಲಿ ಕಳೆಯಲು ಮರೆಯಬೇಡಿ. ಎರಡು, ನೀರು ಹೀರುವ ಏನಾದರೂ ಒಂದು ಒಳಗೆ ಇರಲಿ. ಹುರಿಗಡಲೆ ಹಿಟ್ಟು, ಹುರಿದ ಕಡಲೆಹಿಟ್ಟು, ಶೇಂಗಾ ಪುಡಿ, ಯಾವುದಾದರೂ ಸರಿ.

ಇನ್ನೊಂದು. ಖಾರ ಇರುವುದು ಬೀಜದಲ್ಲಿ ಅಂತ ಎಲ್ಲರೂ ಬೀಜ ಉದುರಿಸುತ್ತಾರೆ. ಖಾರ ಕೊಡುವ ಕ್ಯಾಪ್ಸೈಸಿನ್ ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದರಿಂದ ಸವರಿಕೊಂಡಿರುತ್ತೆ ಅಷ್ಟೇ. ಕ್ಯಾಪ್ಸಿಕಂನಲ್ಲಿ ಖಾರ ತಯಾರಿಸುವ ಜೀನೇ ಕೆಲಸ ಮಾಡುವುದಿಲ್ಲ, ಅಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಬಜ್ಜಿ ಮೆಣಸಿನಕಾಯಿಗೆ ತುಂಬುವವರು ಆ ಬಿಳಿ ಎಳೆಯನ್ನು ಕೆರೆದು ತೆಗೆದರೆ ಮಕ್ಕಳೂ ತಿನ್ನಬಹುದು.

ಹಾಸನದ_ಸೊಸೆ | ಶುಕ್ರವಾರ, ಬೆಳಿಗ್ಗೆ 8:02

ಅಯ್ಯೋ, ಇಷ್ಟೆಲ್ಲ ಇದೆಯಾ ಇದರಲ್ಲಿ! ಎಲ್ಲರಿಗೂ ಥ್ಯಾಂಕ್ಸ್. ಹಾಗಿದ್ದರೆ ಪನೀರ್ ಪೂರ್ತಿ ಬಿಟ್ಟುಬಿಡಬೇಕಾ? ಮಕ್ಕಳು ಅದೇ ಬೇಕು ಅಂತಿದ್ದಾರೆ.

ರೊಟ್ಟಿಬುತ್ತಿ ಅಕ್ಕ, ಮಾವನವರಿಗೆ ಬೆಲ್ಲ ಬಿಟ್ಟು ಮಾಡಿದರೆ ನಡೆಯುತ್ತಾ?

ರೊಟ್ಟಿಬುತ್ತಿ | ಶುಕ್ರವಾರ, ಬೆಳಿಗ್ಗೆ 8:20

ಧಾರಾಳವಾಗಿ ಬಿಡಿ. ಹುಣಸೆಯನ್ನೂ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಹುಳಿ ಎದ್ದು ಕಾಣುತ್ತದೆ. ಬೆಲ್ಲ ಇಲ್ಲದಿದ್ದರೆ ಒಣಕೊಬ್ಬರಿ ಇನ್ನೊಂದು ಚಮಚ ಹಾಕಿ, ಅದರ ಸಿಹಿಯೇ ಸಾಕು. ಮನೆಯಲ್ಲಿ ಶೇಂಗಾ ಹಿಂಡಿಯೋ ಅಗಸಿ ಹಿಂಡಿಯೋ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ) ಇದ್ದರೆ ಅದನ್ನೇ ಎಣ್ಣೆಯಲ್ಲಿ ಕಲಸಿ ತುಂಬಿದರೂ ಆಗುತ್ತದೆ. ಅವಸರದ ದಿನ ನಾವು ಹಾಗೇ ಮಾಡುವುದು.

ಪುಣೆ_ಕನ್ನಡತಿ | ಶುಕ್ರವಾರ, ಬೆಳಿಗ್ಗೆ 9:30

ಇಲ್ಲಿ ಪುಣೆಯಲ್ಲಿ ಮನೆಮನೆಯಲ್ಲೂ ಮಾಡುವುದು ಕಡಲೆಹಿಟ್ಟಿನದ್ದು. ನನ್ನ ಪ್ರಕಾರ ಆಲೂಗಡ್ಡೆಗೆ ಸರಿಯಾದ ಬದಲಿ ಅದೇ.

ಒಂದು ಕಪ್ ಕಡಲೆಹಿಟ್ಟನ್ನು ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಬಣ್ಣಕ್ಕಿಂತ ಮೂಗಿಗೆ ಗಮನ ಕೊಡಿ. ಹಸಿ ವಾಸನೆ ಹೋಗಿ ಬೇಸನ್ ಉಂಡೆ ಘಮ ಬಂದಾಗ ಇಳಿಸಿ. ಒಗ್ಗರಣೆಗೆ ಎರಡು ಮೂರು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಇಂಗು, ಅರಿಶಿನ. ಈರುಳ್ಳಿ ಹಾಕುವ ದಿನವಾದರೆ ಸಣ್ಣಗೆ ಹೆಚ್ಚಿದ್ದನ್ನು ಇಲ್ಲೇ ಕೆಂಪಗೆ ಹುರಿಯಬೇಕು. ಅರೆಬೆಂದ ಈರುಳ್ಳಿ ಮತ್ತೆ ನೀರು ಬಿಡುತ್ತೆ. ಆಮೇಲೆ ಹುರಿದ ಹಿಟ್ಟು, ಖಾರದ ಪುಡಿ, ಧನಿಯಾ ಪುಡಿ, ಆಮ್‌ಚೂರ್, ಉಪ್ಪು. ಒಲೆ ಆರಿಸಿ ಎರಡು ಮೂರು ಚಮಚ ನೀರು ಚಿಮುಕಿಸಿ ಕಲಸಿ. ಮರಳು ಮರಳಾಗಿ ಇರಬೇಕು.

ಕಾಯಿಗೆ ಮುಕ್ಕಾಲು ಮಾತ್ರ ತುಂಬಿ. ಕಾಯಿಯ ನೀರು ಕುಡಿದು ಹಿಟ್ಟು ಉಬ್ಬುತ್ತೆ. ಅಂಚಿನ ತನಕ ಒತ್ತಿ ತುಂಬಿದರೆ ಅರ್ಧ ಬಾಣಲೆಗೆ ಬಿದ್ದಿರುತ್ತೆ. ಹಾಗಂತ ಬಿದ್ದದ್ದನ್ನು ಬಿಸಾಡಬೇಡಿ. ಎಣ್ಣೆಯಲ್ಲಿ ಗರಿಗರಿಯಾದ ಆ ಪುಡಿಗೇ ನಮ್ಮ ಮನೆಯಲ್ಲಿ ಜಗಳ.

ಪನೀರಿಗೂ ಇದೇ ಉಪಾಯ. ಇನ್ನೂರು ಗ್ರಾಂ ಪನೀರನ್ನು ತುರಿದು, ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಇಟ್ಟು ಅರ್ಧ ಗಂಟೆ ಬಿಡಿ. ನಂತರ ಎರಡು ಚಮಚ ಹುರಿದ ಕಡಲೆಹಿಟ್ಟು ಸೇರಿಸಿ. ಉಪ್ಪು ತುಂಬುವ ಹೊತ್ತಿಗೆ ಹಾಕಿ, ಮೊದಲೇ ಹಾಕಿ ಇಡಬೇಡಿ. ಟೊಮೆಟೊ ಬೇಡವೇ ಬೇಡ.

ತೋಟದ_ತಮ್ಮ | ಶುಕ್ರವಾರ, ಮಧ್ಯಾಹ್ನ 1:10

ಎಲ್ಲರೂ ಹೂರಣ ಹೇಳಿದಿರಿ, ಕಾಯಿ ಯಾವುದು ಅಂತ ಯಾರೂ ಹೇಳಲಿಲ್ಲ. ನಾನು ನೆರಳು ಪರದೆಯಲ್ಲಿ ಕ್ಯಾಪ್ಸಿಕಂ ಬೆಳೆಯುತ್ತೇನೆ, ಅದಕ್ಕೇ ಹೇಳುತ್ತೇನೆ.

ಮಾರ್ಕೆಟ್ಟಿನಲ್ಲಿ ಸಿಗುವ ಕೆಂಪು, ಹಳದಿ ಕಾಯಿಗಳು ಹೆಚ್ಚಾಗಿ ಪಾಲಿಹೌಸ್, ನೆರಳು ಪರದೆಯಲ್ಲಿ ಬೆಳೆದವು. ಗೋಡೆ ದಪ್ಪ, ನೀರು ಜಾಸ್ತಿ, ಗಾತ್ರ ದೊಡ್ಡದು. ಇವು ಪನೀರ್, ಅನ್ನ, ಕೈಮಾ ತುಂಬಿ ಓವನ್‌ನಲ್ಲಿ ಬೇಯಿಸುವವರಿಗೆ ಚೆನ್ನ. ಬಾಣಲೆಯಲ್ಲಿ ಮಾಡುವವರಿಗೆ ಬಯಲಲ್ಲಿ ಬೆಳೆದ ಸಣ್ಣ ಹಸಿರು ಕಾಯಿ ವಾಸಿ. ಗೋಡೆ ತೆಳು, ಬೇಗ ಬೇಯುತ್ತೆ. ಸುಮಾರು 60ರಿಂದ 70 ಗ್ರಾಂ ತೂಗುವಂಥದ್ದು ಆರಿಸಿ. ಹೊಳಪಿರಬೇಕು, ಒತ್ತಿದರೆ ಗಟ್ಟಿ ಅನಿಸಬೇಕು, ತೊಟ್ಟು ಹಸಿರಾಗಿರಬೇಕು. ಸುಕ್ಕು ಬಿದ್ದದ್ದು ತುಂಬುವಾಗಲೇ ಸೀಳುತ್ತೆ.

ಹಸಿರು ಅಂದರೆ ಬಲಿತದ್ದು ಆದರೆ ಹಣ್ಣಾಗದ್ದು. ಗಿಡದಲ್ಲೇ ಬಿಟ್ಟರೆ ತಳಿಯ ಪ್ರಕಾರ ಕೆಂಪೋ ಹಳದಿಯೋ ಆಗುತ್ತೆ. ಅದಕ್ಕೇ ಹಸಿರಿಗೆ ಸಣ್ಣ ಕಹಿ, ಬಣ್ಣದ್ದಕ್ಕೆ ಸಿಹಿ. ಬೆಲ್ಲ ಹಾಕಿದ ಶೇಂಗಾ ಹೂರಣವನ್ನು ಕೆಂಪು ಕಾಯಿಗೆ ತುಂಬಿದರೆ ಸಿಹಿಗೆ ಸಿಹಿ ಸೇರಿ ಸಪ್ಪೆ ಅನಿಸುತ್ತೆ. ಅದು ಹಸಿರಿಗೇ ಸರಿ.

ವಾಟ್ಸಾಪಿನಲ್ಲಿ ಒಂದು ಸುತ್ತುತ್ತಿರುತ್ತೆ: ತಳದಲ್ಲಿ ನಾಲ್ಕು ಉಬ್ಬು ಇದ್ದರೆ ಹೆಣ್ಣು, ಮೂರಿದ್ದರೆ ಗಂಡು, ತುಂಬಲು ಗಂಡು ತಗೊಳ್ಳಿ ಅಂತ. ಅದು ಶುದ್ಧ ಸುಳ್ಳು. ಕಾಯಿಗೆ ಗಂಡು ಹೆಣ್ಣು ಇಲ್ಲ. ಒಂದೇ ಹೂವಿನಲ್ಲಿ ಎರಡೂ ಭಾಗ ಇರುತ್ತೆ. ಉಬ್ಬಿನ ಲೆಕ್ಕ ತಳಿ ಮತ್ತು ಬೆಳೆದ ವಾತಾವರಣದ್ದು. ಆದರೆ ನಾಲ್ಕು ಉಬ್ಬಿನದ್ದು ಬಾಣಲೆಯಲ್ಲಿ ಬೀಳದೆ ನೆಟ್ಟಗೆ ಕೂರುತ್ತೆ, ಅಷ್ಟು ಮಾತ್ರ ನಿಜ.

ಅಗ್ರಹಾರದ_ಅಡುಗೆ | ಶುಕ್ರವಾರ, ಮಧ್ಯಾಹ್ನ 2:25

ತಮ್ಮ, ಕೂರಿಸುವುದೇ ಯಾಕೆ? ನಾವು ಪಕ್ಕಕ್ಕೆ ಒಂದು ಸೀಳು ಹಾಕುತ್ತೇವೆ, ತೊಟ್ಟು ಹಾಗೇ ಇರುತ್ತೆ. ತೊಟ್ಟು ಹಿಡಿದೇ ತಿರುಗಿಸಬಹುದು.

ತೋಟದ_ತಮ್ಮ | ಶುಕ್ರವಾರ, ಮಧ್ಯಾಹ್ನ 2:40

ಒಣ ಪುಡಿಗೆ ಅದೇ ಸರಿ ಅಕ್ಕ. ಪನೀರ್, ಅನ್ನ ಆದರೆ ಮೇಲಿಂದ ಕತ್ತರಿಸಿ ನಿಲ್ಲಿಸುವುದು ಒಳ್ಳೆಯದು.

ಬರ್ಲಿನ್_ಬಿಸಿಬೇಳೆ | ಶುಕ್ರವಾರ, ಸಂಜೆ 4:50

ಇಲ್ಲಿನ ಕಥೆ ಬೇರೆ. ಬರ್ಲಿನ್‌ನಲ್ಲಿ ನಮ್ಮ ಕಡೆಯ ತೆಳು ಗೋಡೆಯ ಸಣ್ಣ ಹಸಿರು ಕಾಯಿ ಸೂಪರ್ ಮಾರ್ಕೆಟ್ಟಿನಲ್ಲಿ ನನಗೆ ಸಿಗುವುದಿಲ್ಲ. ಮೂರು ಬಣ್ಣದ ದೊಡ್ಡ ಕಾಯಿಗಳ ಪ್ಯಾಕೆಟ್ ಸಿಗುತ್ತೆ. ಆದರೆ ಟರ್ಕಿಯವರ ತರಕಾರಿ ಅಂಗಡಿಗೆ ಹೋದರೆ ತುಂಬುವುದಕ್ಕೆ ಅಂತಲೇ ತಿಳಿಹಸಿರಿನ, ಗೋಡೆ ತೆಳುವಾದ ಸಣ್ಣ ಕಾಯಿ ಇಟ್ಟಿರುತ್ತಾರೆ. ಅವರು ಮಾಡುವ ದೊಲ್ಮಾ ನೋಡಿದ ಮೇಲೆ ನೀರಿನ ಚಿಂತೆಯೇ ತಲೆಕೆಳಗಾಯಿತು.

ಅವರು ತುಂಬುವುದು ಅಕ್ಕಿ. ಅದೂ ಹಸಿ ಅಕ್ಕಿ, ಇಲ್ಲವೇ ಅರೆಬೆಂದದ್ದು. ಎರಡು ಬಗೆ ಇದೆ. ಒಂದರಲ್ಲಿ ಮಾಂಸದ ಕೈಮಾ ಸೇರುತ್ತೆ, ಬಿಸಿಯಾಗಿ ತಿನ್ನುತ್ತಾರೆ. ಇನ್ನೊಂದು ಆಲಿವ್ ಎಣ್ಣೆಯದ್ದು. ಈರುಳ್ಳಿ, ಸಣ್ಣ ಒಣದ್ರಾಕ್ಷಿ, ಪೈನ್ ಬೀಜ, ಪುದೀನ, ಸಬ್ಬಸಿಗೆ, ಆಲ್‌ಸ್ಪೈಸ್ ಪುಡಿ. ಇದನ್ನು ಆರಿಸಿ ತಣ್ಣಗೆ ತಿನ್ನುತ್ತಾರೆ. ಕಾಯಿಗಳನ್ನು ಪಾತ್ರೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಅರ್ಧ ಎತ್ತರದ ತನಕ ನೀರು ಹಾಕಿ, ಮುಚ್ಚಿ ಬೇಯಿಸುತ್ತಾರೆ. ಕಾಯಿ ಬಿಟ್ಟ ನೀರು, ಹೊರಗಿನ ನೀರು ಎರಡನ್ನೂ ಅಕ್ಕಿ ಕುಡಿಯುತ್ತೆ. ನಾವು ನೀರನ್ನು ಓಡಿಸಲು ನೋಡುತ್ತೇವೆ, ಅವರು ಅದರಲ್ಲೇ ಅನ್ನ ಮಾಡಿಕೊಳ್ಳುತ್ತಾರೆ!

ಹಂಗೇರಿಯವರು ಹಂದಿ ಮಾಂಸದ ಕೈಮಾ ಮತ್ತು ಅಕ್ಕಿ ತುಂಬಿ ಟೊಮೆಟೊ ಸಾರಿನಲ್ಲಿ ಮುಳುಗಿಸಿ ಬೇಯಿಸುತ್ತಾರೆ. ಅವರ ಕಾಯಿ ಹಳದಿ ಬಿಳುಪಿನ ಬಣ್ಣದ್ದು, ಮೊನೆಯಾಗಿರುತ್ತೆ.

ಹಸಿ ಅಕ್ಕಿಗೆ ಮುಕ್ಕಾಲು ಗಂಟೆ ಬೇಕು, ಕಾಯಿ ಪೂರ್ತಿ ಮೆತ್ತಗಾಗುತ್ತೆ. ನಮ್ಮ ನಾಲಿಗೆಗೆ ಅದು ಜಾಸ್ತಿ. ಅದಕ್ಕೆ ನಾನು ಅಕ್ಕಿಯ ಜಾಗದಲ್ಲಿ ಅವಲಕ್ಕಿ ಹಾಕುತ್ತೇನೆ. ತೆಳು ಅವಲಕ್ಕಿಯನ್ನು ನೆನೆಸದೆ, ಒಣಗಿರುವಾಗಲೇ ಕೈಯಲ್ಲಿ ಮುರಿದು, ಒಗ್ಗರಣೆ, ನಿಂಬೆರಸ, ಕೊತ್ತಂಬರಿ ಸೊಪ್ಪು, ಹುರಿದ ಶೇಂಗಾ ಜೊತೆ ಕಲಸಿ ತುಂಬುವುದು. ದೊಡ್ಡ ಕಾಯಿಯ ನೀರಿಗೆ ಅವಲಕ್ಕಿ ಹದವಾಗಿ ಅರಳುತ್ತೆ. ಓವನ್‌ನಲ್ಲಿ 190 ಡಿಗ್ರಿಗೆ ಅರ್ಧ ಗಂಟೆ.

ತೋಟದ_ತಮ್ಮ | ಶುಕ್ರವಾರ, ಸಂಜೆ 5:30

ಹಂಗೇರಿ ಅಂದಿರಲ್ಲ, ನಮಗೂ ಅದಕ್ಕೂ ನಂಟಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ‘ಅರ್ಕಾ ಬಸಂತ್’ ತಳಿ ಹಂಗೇರಿಯ ‘ಸೊರೊಕ್ಸಾರಿ’ಯಿಂದ ಆರಿಸಿ ತೆಗೆದದ್ದು. ಕಾಯಿ ಕೆನೆ ಬಣ್ಣ, ಮೊನೆಯಾಗಿರುತ್ತೆ, ಹಣ್ಣಾದರೆ ಕಿತ್ತಳೆ ಕೆಂಪು. ಕೈತೋಟ ಇರುವವರು ಬೀಜ ಸಿಕ್ಕರೆ ಹಾಕಿ ನೋಡಿ.

ಹಾಸನದ_ಸೊಸೆ | ಶುಕ್ರವಾರ, ಸಂಜೆ 6:15

ಅವಲಕ್ಕಿ ಐಡಿಯಾ ಸೂಪರ್! ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತೆ.

ಲ್ಯಾಬ್‌ಕೋಟ್ | ಶುಕ್ರವಾರ, ಸಂಜೆ 6:40

ಒಳ್ಳೆಯದು. ಆದರೆ ಮಾವನವರಿಗೆ ಅಂತ ಮಾಡುವಾಗ ಒಂದು ನೆನಪಿರಲಿ. ಅವಲಕ್ಕಿಯೂ ಅಕ್ಕಿಯೇ. ಆಲೂಗಡ್ಡೆ ತೆಗೆದು ಅದನ್ನು ತುಂಬಿದರೆ ಶುಗರ್ ವಿಷಯದಲ್ಲಿ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ. ಅವರ ಕಾಯಿಗೆ ಶೇಂಗಾ, ಕಡಲೆಹಿಟ್ಟು ಅಥವಾ ಪನೀರ್ ತುಂಬಿ. ಅವಲಕ್ಕಿಯದ್ದು ಮಕ್ಕಳಿಗಿರಲಿ.

ಮಾತುಗಾರ_ಮಂಡ್ಯ | ಶುಕ್ರವಾರ, ರಾತ್ರಿ 8:05

ಏನ್ರೀ ಇದು, ಆಲೂಗಡ್ಡೆಯನ್ನು ಎಲ್ಲರೂ ಸೇರಿ ವಿಲನ್ ಮಾಡಿಬಿಟ್ಟಿರಿ. ಬೇಯಿಸಿ ಪುಡಿ ಮಾಡಿದ ಆಲೂಗಡ್ಡೆಗೆ ಹಸಿಮೆಣಸು, ಶುಂಠಿ, ನಿಂಬೆಹಣ್ಣು ಹಾಕಿ ತುಂಬಿದರೆ ಅದರ ಮುಂದೆ ನಿಮ್ಮ ಶೇಂಗಾ ಗೀಂಗಾ ಯಾವುದೂ ನಿಲ್ಲಲ್ಲ. ಶುಗರ್ ಇರುವವರು ಒಂದು ಕಾಯಿ ತಿಂದರೆ ಆಕಾಶ ಬೀಳುತ್ತಾ?

ಪುಣೆ_ಕನ್ನಡತಿ | ಶುಕ್ರವಾರ, ರಾತ್ರಿ 8:20

ಆಕಾಶ ಬೀಳಲ್ಲ ಅಣ್ಣ. ಆದರೆ ಅವರು ಕೇಳಿದ್ದೇ ಆಲೂಗಡ್ಡೆ ಬಿಟ್ಟು ಬೇರೆ ಏನು ಅಂತ. ಮೇಲೆ ಶೀರ್ಷಿಕೆಯಲ್ಲೇ ಇದೆ.

ಮಾತುಗಾರ_ಮಂಡ್ಯ | ಶುಕ್ರವಾರ, ರಾತ್ರಿ 8:24

ಸರಿ ಸರಿ. ಹಾಗಾದರೆ ಹಿದಕಿದ ಬೇಳೆ ತುಂಬಿ. ಅವರೆಕಾಯಿ ಕಾಲದಲ್ಲಿ. ಬೇಯಿಸಿ ಬಸಿದು, ಒರಟಾಗಿ ಜಜ್ಜಿ, ಹಸಿಮೆಣಸು ಕಾಯಿತುರಿ ಹಾಕಿ ನೀರಾರುವ ತನಕ ಬಾಣಲೆಯಲ್ಲಿ ಬಾಡಿಸಿ. ಇದನ್ನು ಯಾರೂ ಹೇಳಲಿಲ್ಲ ನೋಡಿ.

ಅಗ್ರಹಾರದ_ಅಡುಗೆ | ಶುಕ್ರವಾರ, ರಾತ್ರಿ 8:45

ಇದು ಮಾತು! ಸೊಗಡಿನ ಅವರೆ ಸಿಗುವಾಗ ಖಂಡಿತ ಮಾಡುತ್ತೇನೆ. ಕಾಯಿತುರಿ ಮಾತ್ರ ಹಸಿಯದ್ದು ಬೇಡ, ಕೊಬ್ಬರಿ ಹಾಕಿ. ಹಸಿ ತೆಂಗಿನಕಾಯಿ ನೀರು ಬಿಡುತ್ತೆ, ಸಂಜೆಯ ಹೊತ್ತಿಗೆ ಹಳಸುತ್ತೆ.

ಕಡಲಕರೆ | ಶುಕ್ರವಾರ, ರಾತ್ರಿ 9:30

ಇಷ್ಟು ಹೊತ್ತು ಸಸ್ಯಾಹಾರದ್ದೇ ನಡೆಯಿತು. ತಿನ್ನುವವರಿಗೆ ಒಂದೆರಡು ಹೇಳುತ್ತೇನೆ.

ಕುಂದಾಪುರ ಕಡೆಯ ನಮ್ಮ ಮನೆಯಲ್ಲಿ ಒಣ ಸೀಗಡಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ತಲೆ, ಬಾಲ ಮುರಿದು ಸಣ್ಣ ಉರಿಯಲ್ಲಿ ಗರಿಗರಿ ಹುರಿದು, ಒಣಮೆಣಸು, ಹುಣಸೆ, ಬೆಳ್ಳುಳ್ಳಿ, ಕೆಂಪಗೆ ಹುರಿದ ಕಾಯಿತುರಿ ಜೊತೆ ನೀರು ಹಾಕದೆ ತರಿಯಾಗಿ ಅರೆಯುತ್ತೇವೆ. ಗಂಜಿಗೆ ಮಾಡುವ ಚಟ್ನಿಯೇ. ಇದನ್ನು ಬಜ್ಜಿ ಮಾಡುವ ಉದ್ದ ಮೆಣಸಿಗೆ ತುಂಬಿ ಕಾವಲಿಯಲ್ಲಿ ಹುರಿಯಿರಿ. ಕ್ಯಾಪ್ಸಿಕಂಗೆ ತುಂಬಿದರೆ ಇದರ ಖಾರ, ಉಪ್ಪು ಒಂದೇ ಸಲಕ್ಕೆ ಬಾಯಿಗೆ ಜಾಸ್ತಿ ಬರುತ್ತದೆ. ಸಣ್ಣ ಕಾಯಿಗೇ ಇದು ಲಾಯಕ್ಕು. ಉಪ್ಪು ನೋಡಿ ಹಾಕಿ, ಒಣ ಸೀಗಡಿಯಲ್ಲೇ ಸಾಕಷ್ಟು ಇರುತ್ತದೆ.

ಕೈಮಾ ತುಂಬುವವರು ಮೊದಲೇ ಪೂರ್ತಿ ಬೇಯಿಸಿ ನೀರಾರಿಸಿಕೊಳ್ಳಿ. ಬಾಣಲೆಯಲ್ಲಿ ಕಾಯಿ ಬೇಯುವಷ್ಟರಲ್ಲಿ ಒಳಗಿನ ಹಸಿ ಮಾಂಸ ಬೇಯುತ್ತದೆ ಅಂತ ನಂಬಬೇಡಿ. ಹೊರಗೆ ಸೀದಿರುತ್ತದೆ, ಒಳಗೆ ಹಸಿ. ಕೈಮಾದಲ್ಲಿ ಹಸಿ ಬಟಾಣಿ ಹಾಕುವ ರೂಢಿ ಇದ್ದರೆ ಅದನ್ನೂ ಜಜ್ಜಿ ಹಾಕಿ, ಹೂರಣ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ.

ಬೆಣ್ಣೆನಗರಿ | ಶುಕ್ರವಾರ, ರಾತ್ರಿ 9:52

ಉದ್ದ ಮೆಣಸಿನಕಾಯಿಗೆ ಬಂದಿರಾ! ಈಗ ನಾನೂ ಸರಿಯಾಗಿ ಬರೆಯುತ್ತೇನೆ.

ಮಿರ್ಚಿಗೆ ತುಂಬುವುದು ತುಂಬಾ ಸಣ್ಣ ಕೆಲಸ, ಆದರೆ ಅದಿಲ್ಲದಿದ್ದರೆ ಬರೀ ಹಿಟ್ಟು ತಿಂದ ಹಾಗೆ. ಅಜವಾನ, ಜೀರಿಗೆ, ಉಪ್ಪು ಮೂರನ್ನೂ ಒರಳಲ್ಲಿ ಕುಟ್ಟಿ, ಗಟ್ಟಿ ಹುಣಸೆ ರಸದಲ್ಲಿ ಕಲಸಿ. ಪುಟಾಣಿ ಹಿಟ್ಟು ಎರಡು ಚಮಚ ಸೇರಿಸಿದರೆ ಸವರಲು ಬರುತ್ತೆ. ಮೆಣಸಿನಕಾಯಿಯನ್ನು ಒಂದೇ ಬದಿ ಸೀಳಿ, ತುದಿ ಮತ್ತು ತೊಟ್ಟಿನ ಹತ್ತಿರ ಅರ್ಧ ಇಂಚು ಬಿಡಿ. ಇಲ್ಲದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತೆ. ಒಳಗೆ ಬೆರಳಿಂದ ತೆಳುವಾಗಿ ಸವರಿ ಸಾಕು, ಒತ್ತಿ ತುಂಬಬೇಡಿ. ಹುಣಸೆ ನೀರಾಗಿದ್ದರೆ ಎಣ್ಣೆ ಚಟಪಟ ಸಿಡಿಯುತ್ತೆ, ಮುಖಕ್ಕೆ ಹಾರುತ್ತೆ. ಮೆಣಸಿನಕಾಯಿ ತೊಳೆದ ನೀರೂ ಪೂರ್ತಿ ಒರೆಸಿರಬೇಕು.

ಒಮ್ಮೆ ಅರೆಬೇಯಿಸಿ ತೆಗೆದು, ಆರಿದ ಮೇಲೆ ಮತ್ತೆ ಎಣ್ಣೆಗೆ ಬಿಟ್ಟರೆ ಹೊರಗಿನ ಹಿಟ್ಟು ಗರಿಗರಿಯಾಗುತ್ತೆ. ಅಂಗಡಿಯವರು ರಾಶಿ ಹಾಕಿಟ್ಟು, ಗಿರಾಕಿ ಬಂದಾಗ ಮತ್ತೆ ಬಿಡುವುದು ಇದಕ್ಕೇ.

ಶಿರಸಿ_ಸಂಡಿಗೆ | ಶುಕ್ರವಾರ, ರಾತ್ರಿ 10:30

ತುಂಬಿದ ಮೆಣಸು ಅಂದ ಮೇಲೆ ಬಾಳಕದ ಮೆಣಸು ಬಿಟ್ಟರೆ ಹೇಗೆ? ಇದು ವರ್ಷಕ್ಕೆ ಒಂದು ಸಲ ಮಾಡಿಡುವಂಥದ್ದು, ಬಿಸಿಲು ಗಟ್ಟಿ ಇರುವ ಮಾರ್ಚ್, ಏಪ್ರಿಲ್‌ನಲ್ಲಿ. ಖಾರ ಕಡಿಮೆ ಇರುವ, ತುಸು ದಪ್ಪಗಿನ ಹಸಿಮೆಣಸು ಆರಿಸಿ ಸೀಳಬೇಕು. ಮೆಂತ್ಯ, ಜೀರಿಗೆ, ಧನಿಯಾ, ಇಂಗು ಹುರಿದು ಪುಡಿ ಮಾಡಿ, ಧಾರಾಳ ಉಪ್ಪು ಸೇರಿಸಿ, ಹುಳಿ ಮಜ್ಜಿಗೆಯಲ್ಲೋ ನಿಂಬೆರಸದಲ್ಲೋ ಕಲಸಿ ತುಂಬುವುದು. ಒಂದು ರಾತ್ರಿ ಹಾಗೇ ಇಟ್ಟು ಬಿಸಿಲಿಗೆ ಹರವಬೇಕು. ಮುರಿದರೆ ಟಕ್ ಅನ್ನುವ ತನಕ ಒಣಗಬೇಕು. ಕರಿದು ಮೊಸರನ್ನಕ್ಕೆ ನಂಚಿಕೊಂಡರೆ ಬೇರೆ ಏನೂ ಬೇಡ.

ಮೆಂತ್ಯ ಜಾಸ್ತಿಯಾದರೆ ಕರಿದಾಗ ಕಹಿ. ಕಪ್ಪಗೆ ಹುರಿಯಲೂ ಬಾರದು.

ಇಲ್ಲಿ ಉಪ್ಪು ನೀರು ಎಳೆಯುವುದು ಬೇಕಾಗಿಯೇ ಮಾಡುವ ಕೆಲಸ. ಲ್ಯಾಬ್‌ಕೋಟ್ ಅವರು ಹೇಳಿದ್ದೇ, ಆದರೆ ಉಲ್ಟಾ.

ಲ್ಯಾಬ್‌ಕೋಟ್ | ಶುಕ್ರವಾರ, ರಾತ್ರಿ 10:41

ಹೌದು, ಸರಿಯಾಗಿ ಹೇಳಿದಿರಿ. ನೀರು ಹೋದರೆ ಬೂಷ್ಟು ಬರುವುದಿಲ್ಲ. ಮಜ್ಜಿಗೆಯ ಹುಳಿಯೂ ಅದಕ್ಕೆ ಸಹಾಯ ಮಾಡುತ್ತೆ.

ಹಾಸನದ_ಸೊಸೆ | ಶನಿವಾರ, ಮಧ್ಯಾಹ್ನ 2:50

ಇವತ್ತು ಶೇಂಗಾ ಹೂರಣ ಮಾಡಿದೆ. ಬೆಲ್ಲ ಬಿಟ್ಟು, ಕೊಬ್ಬರಿ ಜಾಸ್ತಿ ಹಾಕಿ, ಬರೀ ಬ್ಯಾಡಗಿ ಪುಡಿಯಲ್ಲಿ. ಗುರೆಳ್ಳು ನಮ್ಮ ಅಂಗಡಿಯಲ್ಲಿ ಹುಚ್ಚೆಳ್ಳು ಅಂತ ಕೇಳಿದ ಮೇಲೆ ಕೊಟ್ಟರು. ಅತ್ತೆ ಎರಡು ಸಲ ಹಾಕಿಸಿಕೊಂಡರು. ಮಾವನವರು ಏನೂ ಹೇಳಲಿಲ್ಲ, ಆದರೆ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. 😊

ಒಂದೇ ತೊಂದರೆ, ಕಾಯಿ ಒಂದು ಕಡೆ ಕಪ್ಪಾಯಿತು, ಇನ್ನೊಂದು ಕಡೆ ಸ್ವಲ್ಪ ಗಟ್ಟಿ ಇತ್ತು. ಉರಿ ಹೇಗಿರಬೇಕು? ಮತ್ತೆ, ಪನೀರಿನದ್ದನ್ನು ಸೋಮವಾರ ಮಕ್ಕಳ ಡಬ್ಬಿಗೆ ಹಾಕಬೇಕು. ಭಾನುವಾರ ರಾತ್ರಿಯೇ ಮಾಡಿಟ್ಟರೆ ಆಗುತ್ತಾ?

ರೊಟ್ಟಿಬುತ್ತಿ | ಶನಿವಾರ, ಮಧ್ಯಾಹ್ನ 3:15

ಬಹಳ ಖುಷಿಯಾಯಿತು ತಂಗಿ!

ಉರಿ ಹೀಗೆ. ಎಣ್ಣೆ ಕಾದ ಮೇಲೆ ಮೊದಲು ಒಂದೆರಡು ನಿಮಿಷ ದೊಡ್ಡ ಉರಿಯಲ್ಲಿ ಸುತ್ತಲೂ ಹೊರಳಿಸಿ, ಸಿಪ್ಪೆಯ ಮೇಲೆ ಚುಕ್ಕಿ ಚುಕ್ಕಿ ಕಲೆ ಬೀಳಬೇಕು. ಆಮೇಲೆ ಸಣ್ಣ ಉರಿ ಮಾಡಿ, ಮುಚ್ಚಳ ಮುಚ್ಚಿ ಐದಾರು ನಿಮಿಷ. ಅದರ ಹಬೆಯಲ್ಲೇ ಬೇಯುತ್ತದೆ, ನೀರು ಹಾಕಬಾರದು. ಮುಚ್ಚಳ ತೆಗೆಯುವಾಗ ಅದರ ನೀರು ಬಾಣಲೆಗೆ ಬೀಳದ ಹಾಗೆ ಪಕ್ಕಕ್ಕೆ ಎತ್ತಿ. ತಿರುವಿ ಹಾಕಿ ಇನ್ನೆರಡು ಮೂರು ನಿಮಿಷ ಮುಚ್ಚದೆ ಬಿಡಿ. ಬಾಣಲೆಯಲ್ಲಿ ಒತ್ತೊತ್ತಾಗಿ ಇಟ್ಟರೆ ಒಂದು ಕಡೆಯೇ ಸೀಯುತ್ತದೆ, ಎರಡು ಸಲ ಮಾಡಿ.

ಪುಣೆ_ಕನ್ನಡತಿ | ಶನಿವಾರ, ಮಧ್ಯಾಹ್ನ 3:40

ಡಬ್ಬಿಗೆ ರಾತ್ರಿಯೇ ಪೂರ್ತಿ ಮಾಡಿಡುವುದು ಬೇಡ. ಪನೀರ್ ತುರಿದು ಹಿಂಡಿ ಫ್ರಿಜ್‌ನಲ್ಲಿಡಿ. ಕಾಯಿಯನ್ನೂ ಟೊಳ್ಳು ಮಾಡಿ ಒರೆಸಿ, ಒಣಬಟ್ಟೆ ಹಾಸಿದ ಡಬ್ಬಿಯಲ್ಲಿ ಇಟ್ಟುಬಿಡಿ. ಬೆಳಿಗ್ಗೆ ಉಪ್ಪು ಹಾಕಿ ಕಲಸಿ ತುಂಬಿ ಬೇಯಿಸಲು ಇಪ್ಪತ್ತು ನಿಮಿಷ ಸಾಕು. ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಕರಗಿದ ಮೇಲೆ ಕಾಯಿ ಪೂರ್ತಿ ಮೆತ್ತಗಾಗುತ್ತೆ.

ಡಬ್ಬಿಗೆ ಹಾಕುವ ಮುಂಚೆ ಎರಡು ಹೋಳು ಮಾಡಿ ಆರಿಸಿ. ಬಿಸಿ ಬಿಸಿ ಮುಚ್ಚಿದರೆ ಹಬೆ ನೀರಾಗಿ ಚಪಾತಿಯೂ ನೆನೆಯುತ್ತೆ. ಮಕ್ಕಳಿಗೂ ಇಡೀ ಕಾಯಿಗಿಂತ ಹೋಳು ತಿನ್ನಲು ಸುಲಭ.

ಮಾತುಗಾರ_ಮಂಡ್ಯ | ಶನಿವಾರ, ಸಂಜೆ 5:05

ಕತ್ತರಿಸಿದ ಮೇಲ್ಭಾಗದ ಮುಚ್ಚಳಗಳನ್ನು ಏನು ಮಾಡುತ್ತೀರಿ ಎಲ್ಲರೂ? ಬಿಸಾಡಬೇಡಿ ಕಣ್ರೀ. ತೊಟ್ಟು ತೆಗೆದು ಸಣ್ಣಗೆ ಹೆಚ್ಚಿ, ಮಾರನೇ ದಿನ ಉಪ್ಪಿಟ್ಟಿಗೆ ಹಾಕಿ.